ಸಾಕು ಎಂಬ ಮಾತು ಕೇಳದ ಮೀನು

ಭೂಕಂಪವಾದ ಮೇಲೆ ನಮ್ಮ ಪ್ರಯೋಗಾಲಯದ ಮುಖ್ಯಸ್ಥೆ ತೂ ಮೇಡಂ ಬಹಳ ದಿನ ಅದರ ಕಟ್ಟಡದೊಳಗೆ ಕಾಲಿಡಲಿಲ್ಲ.

ನಮ್ಮೂರು ಹ್ವಾಲಿಯೆನ್‌ನಲ್ಲಿ ಹುಟ್ಟಿ ಬೆಳೆದವರಿಗೆ ನೆಲ ಅಲುಗುವುದು ಹೊಸದಲ್ಲ. ತೂಗುದೀಪ ಓಲಾಡಿದರೆ ಸೂಪಿನ ಬಟ್ಟಲನ್ನು ಒಂದು ಕೈಯಲ್ಲಿ ಹಿಡಿದು ಮಾತು ಮುಂದುವರಿಸುವ ಜನ ನಾವು. ಮೇಡಂ ನಮ್ಮೆಲ್ಲರಿಗಿಂತ ಗಟ್ಟಿ. ಆದರೆ ಆ ಬೆಳಗಿನ ಕಂಪನದಲ್ಲಿ ಮೇಲಿನ ಮಹಡಿಯಲ್ಲಿ ಅವರೊಬ್ಬರೇ ಇದ್ದರು, ಪುಸ್ತಕದ ಕಪಾಟು ಬಾಗಿಲಿಗೆ ಅಡ್ಡ ಬಿದ್ದಿತ್ತು. ಹೊರಗೆ ತಂದಾಗ ಮೈಮೇಲೆ ಒಂದು ಗೀರೂ ಇರಲಿಲ್ಲ. ಕಟ್ಟಡ ಭದ್ರವಾಗಿದೆ ಎಂದು ಎಂಜಿನಿಯರುಗಳು ಹೇಳಿದ ಮೇಲೆ ಎಂದಿನಂತೆ ಚೀಲ ಹೆಗಲಿಗೇರಿಸಿ ಬಂದರು. ಮೆಟ್ಟಿಲ ಮುಂದೆ ನಿಂತರು. ಹಾಗೇ ಹಿಂದಿರುಗಿ ಅಂಗಳದ ಕರ್ಪೂರದ ಮರದ ಬುಡದಲ್ಲಿ ಕೂತುಬಿಟ್ಟರು.

"ಕಾಲು ಏಳ್ತಾ ಇಲ್ಲ ಕಣೆ ಷಿಯಾ," ಎಂದರು ನನಗೆ. ಅವರ ದನಿಯಲ್ಲಿ ನಾಚಿಕೆ ಇರಲಿಲ್ಲ. ಯಾವುದೋ ಅಪರೂಪದ ಹಕ್ಕಿ ಕಂಡವರ ಹಾಗೆ ತಮ್ಮ ಮೊಣಕಾಲನ್ನೇ ನೋಡುತ್ತಿದ್ದರು. "ಬುದ್ಧಿ ಹೋಗು ಅನ್ನತ್ತೆ. ಕಾಲು ಕೇಳಲ್ಲ ಅನ್ನತ್ತೆ. ಜೀವಮಾನವೆಲ್ಲ ಮೀನುಗಳ ರಕ್ತದಲ್ಲಿ ಭಯದ ಹಾರ್ಮೋನು, ಈ ಕಾರ್ಟಿಸಾಲ್, ಅಳೆದೆ. ಅದು ಒಳಗಿಂದ ಹೀಗಿರತ್ತೆ ಅಂತ ಯಾರೂ ಹೇಳಲೇ ಇಲ್ವಲ್ಲ."

"ಮೀನುಗಳು ಹೇಗೆ ಹೇಳ್ತವೆ ಮೇಡಂ."

"ಹೇಳ್ತಾನೇ ಇದ್ವೇನೋ. ನಾವು ಬರೀ ಅಳೀತಿದ್ವಿ."

ಕಾವಲುಗಾರ ಪಾನ್ ಅಣ್ಣ ಒಳಗಿನಿಂದ ಒಂದು ಕುರ್ಚಿ ಮತ್ತು ಬಿಸಿ ಸೋಯಾ ಹಾಲು ತಂದುಕೊಟ್ಟ. "ಕೂತ್ಕೊಳ್ಳಿ ಮೇಡಂ. ಕನ್‌ಫ್ಯೂಷಿಯಸ್ಸೂ ಮರದ ಕೆಳಗೇ ಪಾಠ ಹೇಳ್ತಿದ್ರಂತೆ. ಆದ್ರೆ ಅವರಿಗೆ ಸೋಯಾ ಹಾಲು ತಂದ್ಕೊಡೋಕೆ ಯಾರಿದ್ರೋ ಕಾಣೆ," ಎಂದ. ಅಂದಿನಿಂದ ನಮ್ಮ ಪ್ರಯೋಗಾಲಯದ ಅರ್ಧ ಭಾಗ ಆ ಮರದ ಕೆಳಗೇ ನಡೆಯಿತು.

ನಾವು ಸಾಕುತ್ತಿದ್ದದ್ದು ಬೆರಳುದ್ದದ ಪಟ್ಟೆ ಮೀನುಗಳನ್ನು. ಅವಕ್ಕೂ ನಮಗೂ ಭಯದ ಸಂಚಾರ ಬಹುಪಾಲು ಒಂದೇ ದಾರಿಯಲ್ಲಿ. ಅಪಾಯ ಕಂಡರೆ ರಕ್ತಕ್ಕೆ ಕಾರ್ಟಿಸಾಲ್ ಸುರಿಯುತ್ತದೆ. ಮಿದುಳಿನ ಕೋಶಗಳಲ್ಲಿ ಅದನ್ನು ಹಿಡಿದುಕೊಳ್ಳುವ ಗ್ರಾಹಿಗಳಿವೆ, ಚಾಚಿದ ಅಂಗೈಗಳಂತೆ. ಒಂದು ತಳಿಯ ಮೀನುಗಳಲ್ಲಿ ಆ ಗ್ರಾಹಿ ಹುಟ್ಟಿನಿಂದಲೇ ಕೆಟ್ಟಿತ್ತು. ನಾನು ಹೊಸದಾಗಿ ಸೇರಿದಾಗ, ಹಿಡಿಯುವ ಕೈಯೇ ಇಲ್ಲದ ಮೇಲೆ ಇವಕ್ಕೆ ಭಯದ ಸುದ್ದಿಯೇ ಮುಟ್ಟುವುದಿಲ್ಲ, ಹುಲಿಗಳ ಹಾಗೆ ತಿರುಗುತ್ತವೆ ಎಂದುಕೊಂಡಿದ್ದೆ. ಆದದ್ದು ತಿರುಗುಮುರುಗು. ಹೊಸ ತೊಟ್ಟಿಗೆ ಬಿಟ್ಟರೆ ಬೇರೆ ಮೀನು ಸ್ವಲ್ಪ ಹೊತ್ತು ಬೆದರಿ, ಆಮೇಲೆ ಮೇಲೆ ಬಂದು ಮೂಲೆಮೂಲೆ ಮೂಸುತ್ತಿತ್ತು. ಈ ಮೀನು ತಳಕ್ಕಿಳಿದು ಮೂಲೆಗೆ ಒತ್ತಿಕೊಂಡು ಕಲ್ಲಿನಂತೆ ನಿಲ್ಲುತ್ತಿತ್ತು. ದಿನ ಕಳೆದರೂ ಅಷ್ಟೇ. ರಕ್ತ ನೋಡಿದರೆ ಕಾರ್ಟಿಸಾಲ್ ಉಕ್ಕಿ ಹರಿಯುತ್ತಿತ್ತು.

ಮೇಡಂ ಆಗ ವಿವರಿಸಿದ್ದು ನನಗೆ ಇಂದಿಗೂ ಮೈನವಿರೇಳಿಸುತ್ತದೆ. "ಆ ಕೈ ಇರೋದು ಸುದ್ದಿ ತಗೊಳ್ಳೋಕೆ ಮಾತ್ರ ಅಂದ್ಕೊಂಡ್ಯಾ? ತಗೊಂಡಾದ್ಮೇಲೆ 'ಬಂತು, ಇನ್ನು ಸಾಕು' ಅಂತ ವಾಪಸ್ ಹೇಳೋದೂ ಅದೇ. ಇಲ್ಲಿ ಹೇಳೋರೇ ಇಲ್ಲ. ಪಾಪದ ಮೈ ಸುರೀತಾನೇ ಇದೆ." ಭಯವನ್ನು ತಂದುಕೊಡುವ ಹಾರ್ಮೋನೇ ಅದನ್ನು ಮುಗಿಸುವ ಮಾತನ್ನೂ ಹೊತ್ತು ಬರುತ್ತದೆ. ಅಂದು ಮನೆಗೆ ಹೋಗಿ ಗಂಡನಿಗೆ ಹೇಳಿದರೆ, "ಇಷ್ಟೊಂದು ಅಚ್ಚುಕಟ್ಟು ನಮ್ಮ ನಗರಸಭೇಲಿ ಇಲ್ಲ," ಅಂದಿದ್ದ.

ಮರದ ಕೆಳಗಿನ ಆ ದಿನಗಳಲ್ಲಿ ಮೇಡಂ ಮೀನುಗಳನ್ನು ನೋಡದೆ ಚಡಪಡಿಸತೊಡಗಿದರು. ಒಂದು ಮಧ್ಯಾಹ್ನ ನಾನು ಎರಡು ಗಾಜಿನ ಪಾತ್ರೆಗಳನ್ನು ತಟ್ಟೆಯಲ್ಲಿಟ್ಟು ಜೋಪಾನವಾಗಿ ಕೆಳಗಿಳಿಸಿ ತಂದೆ. ಒಂದರಲ್ಲಿ ಗ್ರಾಹಿ ಕೆಟ್ಟ ಮೀನು, ಇನ್ನೊಂದರಲ್ಲಿ ಸಾಮಾನ್ಯ ಮೀನು. ಅಕ್ಕಪಕ್ಕ ಇಟ್ಟೆ.

"ನಡುವೆ ರಟ್ಟು ಎಲ್ಲಿ?" ಎಂದರು ಮೇಡಂ ತಕ್ಷಣ. ಒಂದು ಮೀನು ಇನ್ನೊಂದನ್ನು ನೋಡಬಾರದೆಂದು ನಾವು ಯಾವಾಗಲೂ ನಡುವೆ ರಟ್ಟು ನಿಲ್ಲಿಸುತ್ತಿದ್ದೆವು.

"ಮೇಲೇ ಉಳೀತು ಮೇಡಂ. ತರ್ತೀನಿ."

"ಮರೆವು ಜಾಸ್ತಿ ಆಯ್ತು ನಿಂಗೆ. ಭೂಕಂಪ ಆಗಿದ್ದು ನನಗೋ ನಿನಗೋ?"

ನಾನು ಎದ್ದು ಹೊರಟೆ. ಬಾಗಿಲು ತಲುಪುವ ಮೊದಲೇ "ಷಿಯಾ" ಎಂದು ಕರೆದರು. ಜೋರಾಗಿ ಕೂಗಿದ್ದಲ್ಲ, ಮಲಗಿದ ಮಗುವಿನ ಪಕ್ಕದಲ್ಲಿ ಕೂತವರು ಕರೆಯುವ ಹಾಗೆ.

ಮರಳಿ ಬಂದು ನೋಡಿದರೆ, ತಳದ ಮೂಲೆಯಲ್ಲಿದ್ದ ಗ್ರಾಹಿ ಕೆಟ್ಟ ಮೀನು ಅಲುಗಿತ್ತು. ಬಾಲ ಒಮ್ಮೆ ಬಡಿದು ನಿಂತಿತು. ಪಕ್ಕದ ಪಾತ್ರೆಯ ಮೀನು ಗಾಜಿನುದ್ದಕ್ಕೂ ಹೋಗಿ ಬಂದು ಮಾಡುತ್ತಿತ್ತು. ಮೂಲೆಯದು ಮೆಲ್ಲನೆ ಗೋಡೆಯಿಂದ ಬಿಡಿಸಿಕೊಂಡಿತು, ತುಸು ಮೇಲೆ ಬಂತು, ಗಾಜಿಗೆ ಮೂತಿ ತಾಗಿಸಿತು. ಆಮೇಲೆ ಈಜಿತು. ಇಷ್ಟು ವರ್ಷಗಳಲ್ಲಿ ಆ ತಳಿಯ ಒಂದು ಮೀನೂ ಹೊಸ ಪಾತ್ರೆಯಲ್ಲಿ ಹೀಗೆ ಈಜಿದ್ದನ್ನು ನಾನು ಕಂಡಿರಲಿಲ್ಲ. ಎಲೆಗಳ ನಡುವಿಂದ ಬಿದ್ದ ಬಿಸಿಲಿನಲ್ಲಿ ಅದರ ಪಟ್ಟೆಗಳು ನೀಲಿಯಾಗಿ ಹೊಳೆದವು.

ಪಾನ್ ಅಣ್ಣ ಬಂದು ಬಗ್ಗಿ ನೋಡಿದ. "ಏನಾಯ್ತು? ಮೀನು ಈಜ್ತು, ಅಷ್ಟೇ ತಾನೇ?"

"ಅಷ್ಟೇ," ಎಂದರು ಮೇಡಂ. ಅವರ ಕಣ್ಣು ತುಂಬಿತ್ತು. "ಕೈ ಇನ್ನೂ ಕೆಟ್ಟೇ ಇದೆ ಅಣ್ಣ. ಅದನ್ನ ನಾವು ರಿಪೇರಿ ಮಾಡಿಲ್ಲ. ಔಷಧಿ ಹಾಕಿಲ್ಲ. ಬರೀ ಇನ್ನೊಂದು ಮೀನು ಕಾಣಿಸ್ತು."

ಒಂದು ಸಲ ಕಂಡದ್ದನ್ನು ನಂಬುವವರಲ್ಲ ಮೇಡಂ. ಸಂಜೆಯೊಳಗೆ ಪ್ರಯೋಗ ಹೇಗಿರಬೇಕೆಂದು ಹೇಳಿದರು: ರಟ್ಟು ಇಟ್ಟು, ರಟ್ಟು ತೆಗೆದು, ಖಾಲಿ ಪಾತ್ರೆ ಪಕ್ಕಕ್ಕಿಟ್ಟು, ಬೇರೆ ಬೇರೆ ಮೀನುಗಳಲ್ಲಿ. ಬಿಸಿಲು ಗಾಳಿ ತಾಗದಂತೆ ಒಳಗೇ ಮಾಡಬೇಕು. ನಾನು ನೆಲಮಹಡಿಯ ಒಂದು ಕೋಣೆಯಲ್ಲಿ ಸಜ್ಜು ಮಾಡಿದೆ. ಆ ವಾರವೆಲ್ಲ ನಾನು ನೋಡಿದ್ದನ್ನು ಹೊರಗೆ ಬಂದು ಹೇಳುವುದು, ಅವರು ಕುರ್ಚಿಯ ತುದಿಗೆ ಬಂದು ಕೇಳುವುದು.

"ರಟ್ಟು ಇದ್ರೆ ಕಲ್ಲು ಮೇಡಂ. ತೆಗೆದ್ರೆ ಈಜತ್ತೆ."

"ಎಲ್ಲವೂ?"

"ಹೆಚ್ಚುಕಮ್ಮಿ ಎಲ್ಲವೂ."

"ಮೊದಲು ಯಾವ ಕಡೆ ತಿರುಗತ್ತೆ? ಕಣ್ಣು ಮೊದಲೋ ಬಾಲ ಮೊದಲೋ?"

"ಅದನ್ನ ನಾನು ಹೇಳೋಕಾಗಲ್ಲ. ನೀವೇ ಬಂದು ನೋಡಿ."

ಕಿರಿಕಿರಿಯಲ್ಲಿ ಹೇಳಿದ ಮಾತದು. ಮೇಡಂ ನನ್ನನ್ನು ದುರುಗುಟ್ಟಿ ನೋಡಿದರು. ಎದ್ದರು. ನನ್ನ ತೋಳನ್ನು ಹಿಡಿದುಕೊಂಡ ಹಿಡಿತಕ್ಕೆ ಆಮೇಲೆ ಚರ್ಮ ಕಂದಿತ್ತು. ಬಾಗಿಲಿನವರೆಗೂ ನನ್ನನ್ನು ಬೈದುಕೊಂಡೇ ಬಂದರು. "ನಿಧಾನ ಹೋಗು. ನಾನೇನು ಮೂಟೆನಾ?" ಒಳಗೆ ಕಾಲಿಟ್ಟಾಗ ಬೈಗುಳ ನಿಂತಿತು. ಹಣೆಯಲ್ಲಿ ಬೆವರು. ಆದರೂ ನಡೆದರು.

ಕೋಣೆಯಲ್ಲಿ ಅವರು ಪಾತ್ರೆಯ ಮುಂದೆ ಮಂಡಿಯೂರಿ ಕೂತರು. ನಾನು ರಟ್ಟು ಎಳೆದೆ. ಮೂಲೆಯ ಮೀನಿನ ಕಣ್ಣು ಮೊದಲು ತಿರುಗಿತು.

ಅದೇ ಹೊತ್ತಿಗೆ ನೆಲ ಅಲುಗಿತು. ಸಣ್ಣ ಮರುಕಂಪನ, ಆ ತಿಂಗಳು ದಿನವೂ ಆಗುತ್ತಿದ್ದಂಥದ್ದು. ನೀರು ಅಂಚಿಗೆ ಬಡಿಯಿತು. ಎರಡು ಮೀನೂ ಚಿಮ್ಮಿ ತಳ ಸೇರಿದವು. ನಾನು ಮೇಡಂ ಕಡೆ ಕೈ ಚಾಚಿದೆ, ಹೊರಗೆ ಓಡುತ್ತಾರೆಂದು. ಅವರು ಬಿಳುಚಿಕೊಂಡಿದ್ದರು, ಆದರೆ ಗಾಜಿನಿಂದ ಕಣ್ಣು ಕೀಳಲಿಲ್ಲ.

"ಇರು," ಎಂದರು. "ಇರು, ನೋಡೋಣ."

ನೀರು ನಿಂತಿತು. ಸಾಮಾನ್ಯ ಮೀನು ಮೊದಲು ಮೇಲೆ ಬಂತು. ಇನ್ನೊಂದು ಅದನ್ನೇ ನೋಡುತ್ತಿತ್ತು. ಬಹಳ ಹೊತ್ತು ನೋಡಿತು. ಆಮೇಲೆ ಅದೂ ಬಂತು.

ಮೇಡಂ ನೆಲಕ್ಕೆ ಕುಸಿದು ಗೋಡೆಗೆ ಒರಗಿದರು. ನನ್ನ ಕೈ ಹಿಡಿದು ಬೆರಳುಗಳನ್ನು ತಮ್ಮ ಮಣಿಕಟ್ಟಿನ ಮೇಲೆ ಇಟ್ಟುಕೊಂಡರು. ನಾಡಿ ಹುಚ್ಚಾಗಿ ಹೊಡೆದುಕೊಳ್ಳುತ್ತಿತ್ತು.

"ನಂದೂ ಸುರೀತಾ ಇದೆ," ಎಂದರು. "ನನ್ನ ಕೈಗಳು ಚೆನ್ನಾಗೇ ಇವೆ ಅಂದ್ಕೊಂಡಿದೀನಿ. ಎಷ್ಟೊತ್ತಿಗೆ ಸಾಕು ಅನ್ನತ್ವೋ ನೋಡೋಣ. ನೀನು ಎದ್ದು ಹೋಗ್ಬೇಡ."

"ಎಲ್ಲಿಗೆ ಹೋಗ್ಲಿ ಮೇಡಂ."

ನಾವಿಬ್ಬರೂ ತಣ್ಣನೆಯ ನೆಲದ ಮೇಲೆ ಕೂತು, ನನ್ನ ಬೆರಳ ಕೆಳಗೆ ನಾಡಿ ಮೆಲ್ಲನೆ ಇಳಿಯುವುದನ್ನು ಕೇಳಿದೆವು.