ಬಾಮೈದನ ಅಂಗೈ

ಬೆಳಗಾಗುತ್ತಲೇ ರತ್ನಮ್ಮ ಹರಳೆಣ್ಣೆ ಬಿಸಿ ಮಾಡಿ, ಅರಿಶಿನ ಕದಡಿ, ಬಟ್ಟಲನ್ನು ಮಾದಪ್ಪನ ಪಟದ ಮುಂದಿಟ್ಟಳು. ಅದು ತಮ್ಮ ಸಂದೀಪನ ಅಂಗೈಗೆ.

ಬೆಟ್ಟದ ಮೇಲಿನ ಅವರ ಪುಟ್ಟ ಹಾಡಿಯಲ್ಲಿ, ಅವರ ಮಾತಿನಲ್ಲಿ ಪೋಡಿನಲ್ಲಿ, ಹೆಜ್ಜೇನು ಕೀಳಲು ಬಂಡೆಗೆ ಇಳಿಯುವವನ ಹಗ್ಗವನ್ನು ಅವನ ಅಣ್ಣತಮ್ಮಂದಿರು ಮುಟ್ಟುವಂತಿಲ್ಲ. ಹೆಂಡತಿಯ ಒಡಹುಟ್ಟಿದವನೇ ಹಿಡಿಯಬೇಕು. ದಾಯಾದಿಯ ಕೈ ಸಡಿಲಬಹುದು. ಅಕ್ಕನ ತಾಳಿ ತನ್ನ ಮುಷ್ಟಿಯಲ್ಲಿದೆ ಎಂದು ಬಲ್ಲವನ ಕೈ ಸಡಿಲದು. ಹಗ್ಗವನ್ನು ಮರಕ್ಕೆ ಒಂದು ಸುತ್ತು ಹಾಕಿ, ತುದಿ ಹಿಡಿದು ನಿಂತವನ ಅಂಗೈ ಕೆಲಸ ಮುಗಿಯುವ ಹೊತ್ತಿಗೆ ಸುಲಿದಿರುತ್ತದೆ. ಸುಲಿದ ಅಂಗೈಗೆ ಅಕ್ಕ ಎಣ್ಣೆ ಹಚ್ಚಬೇಕು. ಆಮೇಲೆಯೇ ಜೇನಿಗೆ ನಾಲಿಗೆ ಚಾಚುವುದು.

ಇವತ್ತಿನ ಬಂಡೆ ಮಾತ್ರ ಬೆಟ್ಟದ್ದಲ್ಲ. ದೆಹಲಿ ಪಕ್ಕದ ಫರೀದಾಬಾದಿನ ಹಾಳುಬಿದ್ದ ಕಲ್ಲುಗಣಿಯದು. ಸಂದೀಪನ ಕಂಪನಿ ದೊಡ್ಡ ದೊಡ್ಡ ಅತಿಥಿಗಳನ್ನು ಅಲ್ಲಿಗೆ ಕರೆದೊಯ್ದು ಕಾಡುಜೇನು ಕೀಳುವುದನ್ನು ತೋರಿಸುತ್ತದಂತೆ. "ಭಾವ ಒಂದ್ಸಲ ಇಳಿದ್ರೆ ಸಾಕಕ್ಕ, ಹಗ್ಗ ನಾನೇ ಹಿಡೀತೀನಿ" ಎಂದು ಅವನು ಗಂಡ ಹೆಂಡತಿ ಇಬ್ಬರಿಗೂ ರೈಲಿನ ಟಿಕೆಟ್ ಕಳಿಸಿದ್ದ. ಕತ್ತಲಲ್ಲಿ ಕೀಳಬೇಕಾದ ಜೇನನ್ನು ಅತಿಥಿಗಳ ಅನುಕೂಲಕ್ಕೆಂದು ಹಗಲು ಹನ್ನೊಂದಕ್ಕೆ ಕೆಣಕುವುದೇ? ರತ್ನಮ್ಮನ ಗಂಡ ಕೇತೇಗೌಡ ಒಲ್ಲೆ ಎಂದಿದ್ದ. ಒಪ್ಪಿಸಿದವಳು ಅವಳೇ. "ನನ್ ತಮ್ಮ ಅಲ್ವಾ? ಅವನು ಹಿಡಿದ್ರೆ ನಿಮಗೇನು ಭಯ?"

ಜನಕಪುರಿಯ ಮನೆಯಲ್ಲಿ ಸಂದೀಪನ ಹೆಂಡತಿ ಲಾವಣ್ಯಾ ಮೊಬೈಲು ಹಿಡಿದು ಕೂತಳು. ದೆಹಲಿಯಲ್ಲೇ ಹುಟ್ಟಿ ಬೆಳೆದ ಹುಡುಗಿ.

"ಅತ್ತಿಗೆ, ಲೈವ್ ಬರ್ತಾ ಇದೆ! ಜಲ್ದಿ ಬನ್ನಿ!"

ರತ್ನಮ್ಮ ಬಿಚ್ಚುಗೂದಲಲ್ಲೇ ಬಂದಳು. ಗಂಡ ಬಂಡೆಯಲ್ಲಿರುವಾಗ ಹೆಂಡತಿ ತಲೆ ಬಾಚುವುದಿಲ್ಲ. ಪರದೆಯ ಮೇಲೆ ಬೂದು ಬಂಡೆ, ತಳದಲ್ಲಿ ಹಸಿರುಗಟ್ಟಿದ ನೀರು, ನಡುವೆ ಮೊರದಗಲದ ಜೇನುಹುಟ್ಟು. ಕೇತೇಗೌಡ ಹಗ್ಗದ ತುದಿಯನ್ನು ಸಂದೀಪನ ಕೈಗಿತ್ತು ಬೆನ್ನು ತಿರುಗಿಸಿದ. ಕೊಟ್ಟ ಮೇಲೆ ತಿರುಗಿ ನೋಡಬಾರದು. ನೋಡಿದರೆ ನಂಬಿಕೆಗೆ ಅವಮಾನ.

ಹೊಗೆಯಾಡುವ ಹಸಿಸೊಪ್ಪಿನ ಕಂತೆ ಹಿಡಿದು, ಹಗ್ಗದ ಗಂಟಿನಿಂದ ಗಂಟಿಗೆ ಇಳಿಯುತ್ತಾ ಅವನು ಜೇನುತಾಯಿಗೆ ಹಾಡಿದ:

"ಮುನೀಬ್ಯಾಡ ಕಣವ್ವ, ಕದಿಯಾಕೆ ಬಂದಿಲ್ಲ,
ಮಕ್ಕಳ ಪಾಲು ನಿಂದೇ, ಮಿಕ್ಕಿದ್ದು ಬೇಡ್ತೀನಿ;
ಮ್ಯಾಲೆ ನಿಂತವ್ನೆ ಬಾಮೈದ, ನನ್ನುಸಿರು ಅವನ ಕೈಯಾಗೆ."

ರತ್ನಮ್ಮ ಕೈ ಮುಗಿದಳು. ಮುಗಿದ ಕೈ ಮುಗಿದ ಹಾಗೇ ಇರುವಾಗ, ಅಲ್ಲಿ ಮೊಬೈಲು ಕೈ ಬದಲಾಗಿ, ಪರದೆಯ ತುಂಬ ತಮ್ಮನ ಮುಖ ಬಂತು.

"ದೇಖಿಯೇ ಫ್ರೆಂಡ್ಸ್! ಸಾವಿರಾರು ವರ್ಷದ ಟ್ರೆಡಿಷನ್!" ಎಂದು ಹೆಬ್ಬೆರಳು ಎತ್ತಿ ತೋರಿಸಿದ.

ಒಂದು ಕೈಯಲ್ಲಿ ಮೊಬೈಲು. ಇನ್ನೊಂದು ಕೈಯಲ್ಲಿ ಹೆಬ್ಬೆರಳು.

"ಲಾವಣ್ಯಾ, ಇವನಿಗೆ ಮೂರನೇ ಕೈ ಎಲ್ಲಿಂದ ಬಂತು? ಫೋನ್ ಮಾಡು!"

ಲಾವಣ್ಯಾ ಮಾಡಿದಳು. "ಕಟ್ ಮಾಡಿಬಿಟ್ರು, ಅತ್ತಿಗೆ."

"ಹಗ್ಗ ಹಿಡ್ಕೋ ಅಂತ ಬರಿ! ಅದರಲ್ಲೇ ಬರಿ!"

ಬರೆದಳು. ಸಂದೀಪ ಓದಿ ನಕ್ಕ. "ಅರೇ, ಮನೆಯಿಂದ ಮೆಸೇಜ್! ಅಕ್ಕಾ, ಟೆನ್ಶನ್ ಬೇಡ, ಜೀಪ್ ಹಿಡ್ಕೊಂಡಿದೆ!" ಎಂದು ಮೊಬೈಲು ತಿರುಗಿಸಿದ. ರತ್ನಮ್ಮ ತಾನೇ ನಾರು ಹೊಸೆದು ಮಾಡಿದ ಹಗ್ಗ ಕಂಪನಿಯ ಜೀಪಿನ ಕೊಕ್ಕೆಗೆ ಬಿಗಿದಿತ್ತು. ಪರದೆಯ ಮೇಲೆ ಕೆಂಪು ಹೃದಯಗಳು ಗುಳುಗುಳು ಏರಿದವು.

ಮತ್ತೆ ಬಂಡೆ ಕಂಡಿತು. ಹುಟ್ಟಿನ ಸಮಕ್ಕೆ ಬಂದ ಕೇತೇಗೌಡ ಹಗ್ಗವನ್ನು ಎರಡು ಸಲ ಜಗ್ಗಿದ. ಮೇಲಿನವನು ಎರಡು ಸಲ ಜಗ್ಗಿ 'ಇದ್ದೀನಿ' ಎನ್ನಬೇಕು. ಜೀಪು ಏನು ಜಗ್ಗೀತು? ಕಾದ. ಮತ್ತೆ ಜಗ್ಗಿದ. ಹುಳುಗಳು ಮೋಡದಂತೆ ಎದ್ದವು. ಆಗ ಆ ಮನುಷ್ಯ, ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ತಲೆ ಎತ್ತಿ ಮೇಲೆ ನೋಡಿದ.

ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿದ. ಹೊಗೆಯ ಕಂತೆಯನ್ನು ನೀರಿಗೆ ಬಿಟ್ಟ. ಹುಳು ಕಚ್ಚುತ್ತಿದ್ದರೂ ಹುಟ್ಟನ್ನು ಮುಟ್ಟದೆ ಒಂದೊಂದೇ ಗಂಟು ಹಿಡಿದು ಮೇಲೇರಿದ. "ಕ್ಯಾ ಹುವಾ? ಹನಿ ಕಹಾಂ ಹೈ?" ಎಂದು ಯಾರೋ ಅತಿಥಿ ಜೇನು ಕೇಳಿ ಕೂಗಿದ. ಲೈವ್ ನಿಂತಿತು.

ಅವರು ಬರುವತನಕ ರತ್ನಮ್ಮ ಕೂರಲಿಲ್ಲ, ನೀರು ಕುಡಿಯಲಿಲ್ಲ. ಬಾಗಿಲಲ್ಲೇ ನಿಂತಿದ್ದಳು. ಮೂರು ಗಂಟೆಯ ಹೊತ್ತಿಗೆ ಮೊದಲಿಗನಾಗಿ ಮೆಟ್ಟಿಲೇರಿದವನು ಸಂದೀಪ. ಮುಖ ಗಂಟು ಹಾಕಿಕೊಂಡಿದ್ದ.

"ಏನಕ್ಕ ಇದು? ಗೆಸ್ಟುಗಳ ಮುಂದೆ ನನ್ ಮರ್ಯಾದೆ ಹೋಯ್ತು. ಒಂದು ತೊಟ್ಟು ಜೇನಿಲ್ಲ!"

"ಕೈ ತೋರಿಸು."

"ಅಕ್ಕಾ..."

"ತೋರಿಸೋ!"

ಅವನು ಅಂಗೈ ಚಾಚಿದ. ಒಂದು ಗೀರಿಲ್ಲ. ಒಂದು ಕೆಂಪಿಲ್ಲ.

"ಜೀಪು ಎರಡು ಟನ್ ಅಕ್ಕ. ನನಗಿಂತ ಗಟ್ಟಿ. ಸೇಫ್ಟಿಗೇ ಅಲ್ವಾ ಕಟ್ಟಿದ್ದು?"

"ಗಟ್ಟಿ ಇರಬೌದು ಕಣೋ. ಜೀಪಿಗೆ ಅಕ್ಕ ಇಲ್ಲ." ಅವಳು ಅವನ ಅಂಗೈಯನ್ನೇ ನೋಡುತ್ತಿದ್ದಳು. "ಒಳ್ಳೇದಕ್ಕೇ ಕಟ್ಟಿದ್ರೆ ಭಾವನ ಕಣ್ಣೆದುರಿಗೇ ಕಟ್ಟಬೌದಿತ್ತು. ಬೆನ್ನು ತಿರುಗಿಸೋಗಂಟ ಯಾಕೆ ಕಾದೆ?"

ಲಾವಣ್ಯಾ ಗಂಡನನ್ನು ನೋಡಿದಳು, ನೋಡಿ ಮುಖ ತಿರುಗಿಸಿದಳು.

ಹಿಂದಿನಿಂದ ಕೇತೇಗೌಡ ಬಂದ. ಒಂದು ಕಣ್ಣು ಊದಿ ಮುಚ್ಚಿತ್ತು. ಹೆಂಡತಿಯ ಹತ್ತಿರ ಅಂದದ್ದು ಇಷ್ಟೇ: "ಆ ತಾಯಿ ಮುಂದೆ ಸುಳ್ಳು ಹಾಡ್ಬುಟ್ಟೆ ಕಣೆ ರತ್ನಿ. ಸುಳ್ಳು ಹಾಡಿ ಹೆಂಗೆ ಕೀಳಲಿ?"

ರತ್ನಮ್ಮ ಮಾದಪ್ಪನ ಮುಂದಿನ ಬಟ್ಟಲು ತಂದಳು. ಗಂಡನನ್ನು ಕೂರಿಸಿ ಅವನ ಅಂಗೈ ಬಿಡಿಸಿದಳು. ಎರಡೂ ರಕ್ತ ಒಸರುತ್ತಿದ್ದವು. ಪೋಡಿನ ಯಾವ ಹೆಂಗಸೂ ಗಂಡನ ಕೈಗೆ ಈ ಎಣ್ಣೆ ಹಚ್ಚಿದ್ದಿಲ್ಲ. ಅವಳು ಹಚ್ಚಿದಳು, ಬಟ್ಟಲು ಬರಿದಾಗುವತನಕ ಹಚ್ಚಿದಳು.

ಪಕ್ಕದಲ್ಲಿ ತಮ್ಮ ಇನ್ನೂ ಕೈ ಚಾಚಿಕೊಂಡೇ ನಿಂತಿದ್ದ.

"ನಿನ್ ಕೈ ತೆಗಿ ಅತ್ಲಾಗೆ" ಎಂದಳು, ತಲೆ ಎತ್ತದೆ. "ಅದಕ್ಕೇನಾಗಿದೆ?"