ಮೊಳೆ ಹೊಡೆಯಬಾರದ ಮನೆಯಲ್ಲಿ

ಹೆಸರು ಕೇಳಿ ಗಾಬರಿಯಾಗಬೇಡಿ. ಗನ್ನು ಎಂದು ಕರೆಸಿಕೊಂಡರೂ ನಾನು ಇದುವರೆಗೆ ಒಂದು ಇರುವೆಯನ್ನೂ ಕೊಂದಿಲ್ಲ. ನಾನು ಒಂದು ಸ್ಟೇಪಲ್ ಗನ್. ಹೊಟ್ಟೆಯಲ್ಲಿ ಪಿನ್ನುಗಳ ಸಾಲು, ಅದರ ಮೇಲೆ ಬಿಗಿಯಾದ ಸ್ಪ್ರಿಂಗು, ಬೆನ್ನ ಮೇಲೆ ಒಂದು ಹಿಡಿ. ಇಷ್ಟೇ ನನ್ನ ಆಸ್ತಿ. ಹಿಡಿಯನ್ನು ಅದುಮಿದರೆ 'ಟಕ್' ಎಂದು ಪಿನ್ನು ಮರಕ್ಕೆ ಇಳಿಯುತ್ತದೆ. ಕರೆಂಟು ಬೇಡ, ಬ್ಯಾಟರಿ ಬೇಡ. ಹಿಡಿದವರ ಕೈಯಲ್ಲಿ ಎಷ್ಟು ಕಸುವಿದೆಯೋ ಅಷ್ಟೇ ನನ್ನ ಕಸುವು.

ಹುಟ್ಟಿದ ಊರಿನ ಹೆಸರು ನನಗೆ ತಿಳಿಯದು. ಡಬ್ಬಿಯ ಮೇಲೆ ಬರೆದಿತ್ತಂತೆ, ಆದರೆ ನನಗೆ ಓದು ಬಾರದು. ಉಕ್ಕಿನ ತಗಡನ್ನು ಅಚ್ಚಿಗೆ ಕೊಟ್ಟು, ಮಡಿಸಿ, ಕಪ್ಪು ಬಣ್ಣ ಹಚ್ಚಿ, ಕಡೆಗೆ ಒಳಗೆ ಸ್ಪ್ರಿಂಗು ತುರುಕಿದರು. ಅಲ್ಲಿಂದ ನನಗೆ ಜೀವ. ಒಬ್ಬ ಹೆಂಗಸು ನನ್ನನ್ನು ಹಲಗೆಯ ಚೂರಿನ ಮೇಲಿಟ್ಟು ಒಮ್ಮೆ ಅದುಮಿ, ಪಿನ್ನು ನೆಟ್ಟಗೆ ಕೂತಿತೇ ಎಂದು ನೋಡಿ, ಡಬ್ಬಿಗೆ ಹಾಕಿದಳು. ಅವಳ ಮುಖ ನೋಡುವಷ್ಟರಲ್ಲಿ ಮುಚ್ಚಳ ಬಿತ್ತು.

ಆ ಮುಚ್ಚಳ ಮತ್ತೆ ತೆರೆದದ್ದು ತುಮಕೂರಿನ ಗೌಸ್ ಸಾಬರ ಹಾರ್ಡ್‌ವೇರ್ ಅಂಗಡಿಯಲ್ಲಿ. ಎದುರಿಗೆ ಒಬ್ಬ ಸಣಕಲು ಹೆಣ್ಣುಮಗಳು ನಿಂತಿದ್ದಳು. ಹೆಸರು ಸುಗುಣ, ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸ. ಕಂಕುಳಲ್ಲಿ ಹಸಿರು ಸೊಳ್ಳೆಪರದೆಯ ಸುರುಳಿ.

"ಕಿಟಕಿಗೆ ಪರದೆ ಹೊಡೀಬೇಕು ಸಾಬ್ರೇ. ಸುತ್ತಿಗೆ, ಮೊಳೆ ಏನೂ ಬೇಡ. ಓನರ್ ಬಿಡಲ್ಲ," ಎಂದಳು.

ಸಾಬರು ಮೊದಲು ತೆಗೆದುಕೊಟ್ಟದ್ದು ನನ್ನನ್ನಲ್ಲ, ನನ್ನ ದೊಡ್ಡಣ್ಣನನ್ನು. ಅವನದು ದಪ್ಪ ಮೈ, ಅಗಲವಾದ ಹಿಡಿ. ಸುಗುಣ ಒಂದು ಕೈಯಲ್ಲಿ ಅದುಮಿದಳು, ಆಗಲಿಲ್ಲ. ಎರಡೂ ಕೈ ಹಾಕಿ ಹಲ್ಲು ಕಚ್ಚಿದಳು. ಅರ್ಧಕ್ಕೆ ಬಂದು ನಿಂತಿತು. ದೊಡ್ಡಣ್ಣನಿಗೆ ಒಳಗೊಳಗೇ ಖುಷಿ, ಅವನ ಬುದ್ಧಿಯೇ ಹಾಗೆ.

"ಬಿಡಿ ಮೇಡಂ. ದೊಡ್ಡದು ಅಂತ ತಗೊಂಡೋಗಿ ಮೂಲೇಲಿ ಇಟ್ರೆ ಏನ್ ಬಂತು? ಮೊದ್ಲು ಕೈಗೆ ಒಪ್ಪಬೇಕು," ಎಂದು ಸಾಬರು ನನ್ನನ್ನು ಅವಳ ಕೈಗಿಟ್ಟರು. ಅವಳ ಬೆರಳುಗಳು ನನ್ನ ಹಿಡಿಯ ಸುತ್ತ ಸಲೀಸಾಗಿ ಬಂದವು. ಟಕ್. ಹಲಗೆಗೆ ಪಿನ್ನು ಕೂತಿತು. ಅವಳು ನಕ್ಕಳು. ಅವಳು ನಗುವುದು ಅಪರೂಪ ಎಂಬುದು ನನಗೆ ಆಮೇಲೆ ತಿಳಿಯಿತು.

"ಪಿನ್ನು ಗಿಡ್ಡದೇ ಕೊಡ್ತೀನಿ. ಪರದೆಗೆ ಅದೇ ಸರಿ."

"ಬೇಡ ಬೇಡ, ಉದ್ದದ್ದೇ ಕೊಡಿ. ಗಟ್ಟಿಯಾಗಿ ಇರ್ಬೇಕು."

ಸಾಬರು ವಾದ ಮಾಡಲಿಲ್ಲ. ಉದ್ದನೆಯ ಪಿನ್ನಿನ ಪೊಟ್ಟಣವನ್ನೇ ಕಟ್ಟಿಕೊಟ್ಟರು.

ಅವಳಿಗೆ ಅಷ್ಟೊಂದು ಗಟ್ಟಿ ಯಾಕೆ ಬೇಕಿತ್ತು ಎಂಬುದು ಅವಳ ಮನೆಯ ಕಪಾಟಿನಲ್ಲಿ ಕೂತು ಕೇಳಿಸಿಕೊಂಡ ಮೇಲೆ ನನಗೆ ಅರ್ಥವಾಯಿತು. ಸುಗುಣಳಿಗೆ ಒಬ್ಬಳೇ ಮಗಳು, ಇಂಚರ, ಎರಡನೇ ಕ್ಲಾಸು. ಹಿಂದಿನ ಮಳೆಗಾಲದಲ್ಲಿ ಆ ಮಗುವಿಗೆ ಡೆಂಗ್ಯೂ ಬಂದು, ಉಳಿಯುತ್ತದೋ ಇಲ್ಲವೋ ಎಂಬಂತಾಗಿತ್ತಂತೆ. ಸುಗುಣ ಒಬ್ಬಳೇ ಆಸ್ಪತ್ರೆಯಲ್ಲಿ. ರಕ್ತಕ್ಕೆ ಓಡಿದರೆ ಮಗುವಿನ ಹತ್ತಿರ ಯಾರೂ ಇಲ್ಲ, ಮಗುವಿನ ಹತ್ತಿರ ಕೂತರೆ ರಕ್ತ ತರುವವರಿಲ್ಲ. ಗಂಡನ ಸುದ್ದಿ ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ, ಹಾಗಾಗಿ ನನಗೂ ಗೊತ್ತಿಲ್ಲ. ಈಗ ಮತ್ತೆ ಮೋಡ ಕಟ್ಟುತ್ತಿತ್ತು. ಪಕ್ಕದ ಖಾಲಿ ಸೈಟಿನಲ್ಲಿ ನೀರು ನಿಲ್ಲುತ್ತಿತ್ತು. ಮೂರೂ ಕಿಟಕಿಗಳು ಬೋಳು ಬೋಳು.

ಹಾಗಾದರೆ ಬೇರೆ ಮನೆಗೆ ಹೋಗಬಾರದೇ ಎನ್ನುತ್ತೀರಿ. ಎಲ್ಲಿಗೆ? ಬಾಡಿಗೆ ಮನೆ ಕೇಳಿಕೊಂಡು ಹೋದಲ್ಲೆಲ್ಲ ಮೊದಲ ಪ್ರಶ್ನೆ, "ಯಜಮಾನ್ರು ಏನ್ ಮಾಡ್ತಾರೆ?" ಎರಡನೆಯ ಪ್ರಶ್ನೆ ಬರುವ ಮೊದಲೇ ಇವಳು ಮೆಟ್ಟಿಲಿಳಿದು ಬರುತ್ತಿದ್ದಳಂತೆ. ಹಾಗೆ ಕೇಳದೆ ಮಹಡಿಯ ಮನೆ ಕೊಟ್ಟವರು ಚೆನ್ನಾಜಮ್ಮ ಒಬ್ಬರೇ. ಕೆಳಗಿನ ಮನೆಯಲ್ಲಿ ಒಬ್ಬರೇ ಇದ್ದ ಆ ವಿಧವೆ ಮುದುಕಿಯದು ಒಂದೇ ಷರತ್ತು. ಮೊಳೆ ಹೊಡೆಯಬಾರದು. ಹಿಂದೆ ಇದ್ದವರು ಕ್ಯಾಲೆಂಡರಿಗೊಂದು, ದೇವರ ಪಟಕ್ಕೊಂದು, ಬೀಗದ ಕೈಗೊಂದು ಎಂದು ಹೊಡೆದು ಗೋಡೆಯನ್ನು ಜರಡಿ ಮಾಡಿಟ್ಟಿದ್ದರಂತೆ. ಅದಕ್ಕೇ ಸುಗುಣಳ ಕ್ಯಾಲೆಂಡರು ಕಿಟಕಿಯ ಸರಳಿನಲ್ಲಿ ನೇತಾಡುತ್ತಿತ್ತು.

"ಗೋಡೆ ಬೇರೆ, ಕಿಟಕಿ ಬೇರೆ. ಮೊಳೆ ಬೇರೆ, ಪಿನ್ನು ಬೇರೆ," ಎಂದು ಸುಗುಣ ತನಗೆ ತಾನೇ ಹೇಳಿಕೊಂಡಳು. ಆದರೂ ಚೆನ್ನಾಜಮ್ಮನನ್ನು ಕೇಳುವ ಧೈರ್ಯ ಬರಲಿಲ್ಲ. ಸೋಮವಾರ ಸಂಜೆ ಮುದುಕಿ ದೇವಸ್ಥಾನಕ್ಕೆ ಹೋಗುವುದನ್ನೇ ಕಾದಳು.

ಅಯ್ಯೋ, ಆ ಮೊದಲ ಸಂಜೆಯ ಪಾಡು! ಕಿಟಕಿಯ ಚೌಕಟ್ಟು ಹಳೆಯ ಹೊನ್ನೆ ಮರದ್ದು, ಕಲ್ಲಿನಷ್ಟು ಗಟ್ಟಿ. ಉದ್ದನೆಯ ಪಿನ್ನು ಅರ್ಧ ಇಳಿದು ಕಾಲು ಮಡಿಚಿಕೊಂಡು ಕೂರುತ್ತಿತ್ತು. ಅವಳೋ ನನ್ನ ಮೂತಿಯನ್ನು ಮರಕ್ಕೆ ಮುಟ್ಟಿಸಿಯೂ ಮುಟ್ಟಿಸದ ಹಾಗೆ ಹಿಡಿದು ಅದುಮುತ್ತಿದ್ದಳು. ಅದುಮಿದಾಗಲೆಲ್ಲ ನಾನು ಹಿಂದಕ್ಕೆ ಜಿಗಿಯುತ್ತಿದ್ದೆ. ಬೈಸಿಕೊಂಡದ್ದು ಮಾತ್ರ ನಾನು. "ದರಿದ್ರದ್ದು," ಎಂದಳು. ನಾನೇನು ಮಾಡಲಿ ತಾಯಿ, ಒತ್ತಿ ಹಿಡಿ, ಆಮೇಲೆ ಅದುಮು ಎಂದು ಕೂಗಿ ಹೇಳಲು ನನಗೆ ಬಾಯಿ ಎಲ್ಲಿದೆ?

ಮಾರನೆಯ ದಿನ ಗಿಡ್ಡ ಪಿನ್ನು ತಂದಳು. ಸಾಬರು ನಕ್ಕು ಕೊಟ್ಟರಂತೆ. ಮುಂದಿನ ಸೋಮವಾರದ ಹೊತ್ತಿಗೆ ಅವಳ ಕೈ ಪಳಗಿತ್ತು. ಎಡಗೈಯಲ್ಲಿ ಪರದೆ ಎಳೆದು, ನನ್ನ ಮೇಲೆ ಮೈಭಾರ ಬಿಟ್ಟು ಒತ್ತಿ, ಆಮೇಲೆ ಅದುಮುವಳು. ಟಕ್, ಟಕ್, ಟಕ್. ಎರಡು ಕಿಟಕಿ ಮುಗಿಯಿತು. ನನಗೂ ಹೆಮ್ಮೆ. ಮೂರನೆಯದರ ಕೊನೆಯ ಬದಿಯಲ್ಲಿದ್ದಾಗ ಬಾಗಿಲಲ್ಲಿ ಚೆನ್ನಾಜಮ್ಮ. ದಾರಿಯಲ್ಲಿ ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿ ದೇವಸ್ಥಾನಕ್ಕೆ ಹೋಗದೆ ವಾಪಸು ಬಂದಿದ್ದರು.

"ಏನಮ್ಮ ಅದು ಟಕ್ ಟಕ್? ಮೊಳೆ ಹೊಡೀಬ್ಯಾಡ ಅಂದಿದ್ನೋ ಇಲ್ವೋ?"

"ಇದು ಮೊಳೆ ಅಲ್ಲಮ್ಮಾ, ಪಿನ್ನು..."

"ಮರದೊಳಕ್ಕೆ ಹೋಗೋದೆಲ್ಲ ಮೊಳೇನೇ ಕಣಮ್ಮ! ನಮ್ಮೆಜಮಾನ್ರು ಹುಡುಕಿ ಹುಡುಕಿ ತಂದ ಮರ ಅದು. ನಾನಿಲ್ದಾಗ ಕದ್ದು ಹೊಡೀತೀಯಲ್ಲ, ನಿಂಗೆ ಹೆಂಗೆ ಮನಸ್ ಬಂತು? ಈ ತಿಂಗ್ಳು ಕಳುದ್ಮೇಲೆ ಬ್ಯಾರೆ ಮನೆ ನೋಡ್ಕೊ."

ಸುಗುಣ ಮಗಳ ಜ್ವರದ ಕಥೆ ಹೇಳಲು ಬಾಯಿ ತೆರೆದಳು. ಮುದುಕಿ ಆಗಲೇ ಮೆಟ್ಟಿಲಿಳಿಯುತ್ತಿದ್ದರು. ಸುಗುಣ ನನ್ನನ್ನು ಕೈಯಲ್ಲಿ ಹಿಡಿದೇ ನೆಲದ ಮೇಲೆ ಕೂತು ಅತ್ತಳು. ಮನೆ ಉಳಿಸಿಕೊಳ್ಳಲು ಹೋದರೆ ಮಗು, ಮಗುವನ್ನು ಕಾಯಲು ಹೋದರೆ ಮನೆ ಕೈತಪ್ಪುತ್ತದೆ. ಆಮೇಲೆ ಕಣ್ಣೊರೆಸಿಕೊಂಡು ಎದ್ದು, ಉಳಿದ ಆ ಒಂದು ಬದಿಗೂ ಪಿನ್ನು ಹೊಡೆದಳು. ಹೇಗೂ ಹೋಗುವುದೇ ಆದರೆ ಹೋಗುವವರೆಗಾದರೂ ಸೊಳ್ಳೆ ಬರುವುದು ಬೇಡ ಎಂಬ ಹಟ.

ಎರಡು ದಿನವಾದ ಮೇಲೆ ಸಂಜೆ ಮಳೆ ಬಂತು. ಮಳೆ ಎಂದರೆ ಗಾಳಿ ಕಟ್ಟಿಕೊಂಡು ಬಂದ ಮಳೆ. ಆಗಲೇ ನಮ್ಮಿಬ್ಬರ ದಡ್ಡತನ ಬಯಲಾದದ್ದು. ಆ ಕಿಟಕಿಯ ಬಾಗಿಲುಗಳು ಹೊರಕ್ಕೆ ತೆರೆಯುವಂಥವು. ಸರಳುಗಳ ನಡುವೆ ಕೈ ತೂರಿಸಿ ಎಳೆದುಕೊಂಡರೆ ಮಾತ್ರ ಮುಚ್ಚುತ್ತವೆ. ನಾವೋ ಒಳಗಡೆಯಿಂದ ನಾಲ್ಕೂ ಬದಿಗೆ, ಇರುವೆಯೂ ನುಸುಳದ ಹಾಗೆ ಪರದೆ ಹೊಡೆದಿದ್ದೆವು. ಬಾಗಿಲು ಹೊರಗೆ ಪಟಪಟ ಬಡಿದುಕೊಳ್ಳುತ್ತಿತ್ತು, ಪರದೆ ಸೋಸಿ ಸೋಸಿ ನೀರನ್ನು ಒಳಗೆ ಬಿಡುತ್ತಿತ್ತು. ಹಾಸಿಗೆ ನೆನೆಯಿತು, ನೆಲ ಕೆರೆಯಾಯಿತು, ಮೆಟ್ಟಿಲ ಮೇಲೆ ನೀರು ಹರಿದು ಕೆಳಗಿನ ಪಡಸಾಲೆಗೂ ಹೋಯಿತು.

ಚೆನ್ನಾಜಮ್ಮ ಸೆರಗು ಸಿಕ್ಕಿಸಿಕೊಂಡು ಜಗಳಕ್ಕೇ ಬಂದರು. ಬಂದವರು ಬಾಗಿಲಲ್ಲೇ ನಿಂತರು. ಸುಗುಣ ಬಲಗೈಯಲ್ಲಿ ಈರುಳ್ಳಿ ಹೆಚ್ಚುವ ಚಾಕು ಹಿಡಿದುಕೊಂಡು, ಕಿಟಕಿಗೆ ಬೆನ್ನು ಕೊಟ್ಟು, ಮಳೆಯನ್ನು ಮೈಯಿಂದ ತಡೆಯುತ್ತಾ ನಿಂತಿದ್ದಳು. ಪೂರ್ತಿ ತೊಯ್ದಿದ್ದಳು. ಇಂಚರ ಮೂಲೆಯಲ್ಲಿ ಕುರ್ಚಿಯ ಮೇಲೆ ಕಾಲು ಮಡಿಚಿ ಕೂತಿದ್ದಳು.

"ಚಾಕು ಐತಲ್ಲ, ಕೊಯ್ದು ಬಾಗ್ಲು ಎಳ್ಕೊಳೋದಲ್ವ? ಹುಚ್ಚಿ ಆಡ್ದಂಗ್ ಆಡ್ತೀಯ!"

"ಕೊಯ್ದ್ರೆ ಸೊಳ್ಳೆ ಬರುತ್ತಮ್ಮಾ," ಎಂದಳು ಸುಗುಣ. ಹಲ್ಲು ಕಟಕಟ ಎನ್ನುತ್ತಿತ್ತು. "ಹೋದ್ವರ್ಷ ಇವಳು ಹೋಗೇ ಬಿಡ್ತಿದ್ಲು. ಡಾಕ್ಟ್ರು ಯಾರಾದ್ರೂ ದೊಡ್ಡೋರನ್ನ ಕರ್ಸಿ ಅಂದ್ರು. ಯಾರನ್ನ ಕರ್ಸ್ಲಿ? ನನ್ ಕೈಲಿ ಕೊಯ್ಯಕ್ಕಾಗಲ್ಲ."

ಚೆನ್ನಾಜಮ್ಮ ನೀರು ತುಳಿದುಕೊಂಡು ಕಿಟಕಿಯ ಹತ್ತಿರ ಬಂದರು. ಆಮೇಲೆ ಸೊಂಟದ ಎಲೆ ಅಡಿಕೆ ಚೀಲದಿಂದ ಅಡಕತ್ತರಿ ತೆಗೆದರು. ಅದರ ಚೂಪು ತುದಿಯನ್ನು ಪರದೆಯ ಕೆಳಮೂಲೆಯ ಪಿನ್ನಿನಡಿ ಕೊಟ್ಟು ಮೀಟಿದರು. ನಾನು ಅಷ್ಟು ಬಿಗಿಯಾಗಿ ಕೂರಿಸಿದ್ದ ಪಿನ್ನು ಸದ್ದಿಲ್ಲದೆ ಎದ್ದು ಬಂತು. ಇನ್ನೊಂದು, ಮತ್ತೊಂದು. ಕೈ ಹೋಗುವಷ್ಟು ಸಡಿಲವಾದ ಮೇಲೆ ತೂರಿಸಿ ಬಾಗಿಲೆಳೆದು ಚಿಲಕ ಹಾಕಿದರು. ಮೂರು ಕಿಟಕಿಗೂ ಹಾಗೆಯೇ ಮಾಡಿದರು. ಮನೆಯೊಳಗೆ ಮಳೆ ನಿಂತಿತು.

"ಇಷ್ಟು ಜಾಗ ಪಿನ್ನು ಹೊಡೀದೆ ಬಿಡು. ಪರದೇನ ಒಂಚೂರು ಉದ್ದ ಬಿಟ್ಟು ಒಳಕ್ಕೆ ಮಡಚಿ ಸಿಕ್ಸು. ಕೈಯೂ ಹೋಯ್ತದೆ, ಸೊಳ್ಳೆಯೂ ಬರಾಕಿಲ್ಲ," ಎಂದರು. ಆಮೇಲೆ ನನ್ನ ಕಡೆ ನೋಡಿ, "ಎಲ್ಲಿ, ಕೊಡು ಅದ್ನ. ಮೊಳೆ ಅಲ್ಲ ಅಂದ್ಯಲ್ಲ, ನೋಡಾನ."

ಮುದುಕಿಯ ಬೆರಳುಗಳಲ್ಲಿ ಬಲವಿರಲಿಲ್ಲ. ಸುಗುಣ ಆ ಕೈಯ ಮೇಲೆ ತನ್ನ ಕೈಯಿಟ್ಟು ಅದುಮಿದಳು. ಟಕ್. ಚೆನ್ನಾಜಮ್ಮ ಬೆಚ್ಚಿಬಿದ್ದರು, ಆಮೇಲೆ ಪಿನ್ನನ್ನು ಹೆಬ್ಬೆರಳಿನಿಂದ ಸವರಿ ನೋಡಿದರು. ಮರ ಎಲ್ಲೂ ಸೀಳಿರಲಿಲ್ಲ. "ಪರವಾಗಿಲ್ಲ," ಎಂದರು. ಮೆಟ್ಟಿಲಿಳಿಯುತ್ತಾ, "ನಾಳೆ ಕೆಳಕ್ಕೆ ಬಾ. ನನ್ ಕಿಟ್ಕಿಗೂ ಹೊಡೀಬೇಕು," ಎಂದರು. ಮನೆ ಖಾಲಿ ಮಾಡುವ ಮಾತು ಅಲ್ಲಿಗೇ ಬಿದ್ದುಹೋಯಿತು, ಯಾರೂ ಅದನ್ನು ಮತ್ತೆ ಎತ್ತಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಮೀಸೆ ತಿರುವಬಹುದಿತ್ತು. ಮುಗಿಯಲಿಲ್ಲ. ಆ ಮಳೆಗಾಲ ಮುಗಿಯುವ ಹೊತ್ತಿಗೆ ಇಂಚರಳಿಗೆ ಮತ್ತೆ ಜ್ವರ ಬಂತು. ಪರೀಕ್ಷೆ ಮಾಡಿಸಿದರೆ ಮತ್ತೆ ಡೆಂಗ್ಯೂ. ಆ ಸೊಳ್ಳೆ ಕಚ್ಚುವುದು ಹಗಲು ಹೊತ್ತಿನಲ್ಲಂತೆ. ಸ್ಕೂಲಿನಲ್ಲಿ ಕಚ್ಚಿತೋ, ಆಟೋದಲ್ಲಿ ಕಚ್ಚಿತೋ ಯಾರಿಗೆ ಗೊತ್ತು?

ಆಸ್ಪತ್ರೆಗೆ ನನ್ನನ್ನು ಯಾರು ಕರೆದುಕೊಂಡು ಹೋಗುತ್ತಾರೆ? ಕೇಳಿದ್ದನ್ನು ಹೇಳುತ್ತೇನೆ. ಈ ಸಲ ರಕ್ತಕ್ಕೆಂದು ಸುಗುಣ ಓಡಿದಾಗ ಮಗುವಿನ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಚೆನ್ನಾಜಮ್ಮ ಕೂತಿದ್ದರು. ನರ್ಸು ಬಂದು, "ನೀವು ಏನಾಗ್ಬೇಕು?" ಎಂದು ಕೇಳಿದ್ದಕ್ಕೆ, "ಅಜ್ಜಿ ಆಗ್ಬೇಕು, ಕಾಣ್ಸಲ್ವ?" ಎಂದು ಗದರಿದರಂತೆ. ಮನೆಯಿಂದ ಗಂಜಿ, ಬೆಳಿಗ್ಗೆ ಸಂಜೆ ದೃಷ್ಟಿ ತೆಗೆಯುವುದು, ಡಾಕ್ಟರ ಜೊತೆ ಜಗಳ, ಎಲ್ಲವೂ ಅವರದೇ. ಮಗು ಉಳಿಯಿತು.

ಮನೆಗೆ ಬಂದ ದಿನ ಸುಗುಣ ಮಗಳನ್ನು ಮಲಗಿಸಿ, ಕಿಟಕಿಯ ಮುಂದೆ ನಿಂತು ಪರದೆಯನ್ನೇ ನೋಡಿದಳು. ಅವಳ ಕಣ್ಣಲ್ಲಿ ಅಂಥ ಸಿಟ್ಟನ್ನು ನಾನು ಹಿಂದೆ ಕಂಡಿರಲಿಲ್ಲ. ಪರದೆಯ ಅಂಚಿಗೆ ಬೆರಳು ಹಾಕಿದಳು. "ಏನ್ ಪ್ರಯೋಜನ ಆಯ್ತು ಇದರಿಂದ? ಕಿತ್ ಬಿಸಾಕ್ತೀನಿ." ಅವಳು ಹೇಳಿದ್ದು ಸುಳ್ಳಲ್ಲ. ನಾನು ಹೊಡೆದ ಅಷ್ಟೂ ಪಿನ್ನು ಸೇರಿ ಆ ಒಂದು ಸೊಳ್ಳೆಯನ್ನು ತಡೆದಿರಲಿಲ್ಲ.

ಗಂಜಿಯ ಪಾತ್ರೆ ಹಿಡಿದು ಒಳಗೆ ಬಂದ ಚೆನ್ನಾಜಮ್ಮ ಅದನ್ನು ಕೆಳಗಿಟ್ಟರು.

"ಕಿತ್ರೆ ನೋಡು ಮತ್ತೆ! ಸೊಳ್ಳೆ ಬರ್ಲಿ ಬಿಡ್ಲಿ, ಅದು ನಾನ್ ಹೊಡ್ದಿರೋ ಪಿನ್ನು."

ಸುಗುಣ ಮೊದಲು ನಕ್ಕಳು. ನಗುತ್ತಾ ನಗುತ್ತಾ ಅತ್ತಳು. ಮುದುಕಿಯ ಭುಜಕ್ಕೆ ತಲೆಯಿಟ್ಟು ಜೋರಾಗಿ, ಮಗು ಎದ್ದೀತು ಎಂಬುದನ್ನೂ ಮರೆತು ಅತ್ತಳು. ಚೆನ್ನಾಜಮ್ಮ ಅವಳ ಬೆನ್ನು ಸವರುತ್ತಾ, "ಗಂಜಿ ಆರೋಯ್ತದೆ," ಎಂದಷ್ಟೇ ಅಂದರು.

ಈಗ ನನಗೆ ವಯಸ್ಸಾಗಿದೆ. ಸ್ಪ್ರಿಂಗು ಸೋತಿದೆ, ಮೂತಿ ತುಕ್ಕು ಹಿಡಿದಿದೆ, ಅದುಮಿದರೆ ಪಿನ್ನು ಅಲ್ಲೇ ಸಿಕ್ಕಿಕೊಂಡು ಮಾನ ಕಳೆಯುತ್ತದೆ. ನಡುವೆ ದಿವಾನಿನ ರೆಗ್ಜಿನು, ಸ್ಕೂಲಿನ ಚಾರ್ಟು, ಕೋಳಿಗೂಡಿನ ಜಾಲರಿ ಎಂದು ಎರಡು ಮನೆಗೂ ದುಡಿದಿದ್ದೇನೆ, ಪಕ್ಕದ ಬೀದಿಗೂ ಹೋಗಿ ಬಂದಿದ್ದೇನೆ. ಈಗ ಚೆನ್ನಾಜಮ್ಮನ ಅಡುಗೆಮನೆಯ ಗೂಡಿನಲ್ಲಿ ಬಿಸ್ಕತ್ತಿನ ಡಬ್ಬಿಯೊಳಗೆ ನನ್ನ ವಾಸ. ನಾನು ಯಾವುದಕ್ಕೆ ಹುಟ್ಟಿದೆನೋ ಅದನ್ನು ಸರಿಯಾಗಿ ಮಾಡಿದೆನೇ ಎಂದು ಆಗಾಗ ಯೋಚಿಸುತ್ತೇನೆ. ಮರಕ್ಕೆ ಬಟ್ಟೆ ಸೇರಿಸುವುದು ನನ್ನ ಕೆಲಸ. ಸುಗುಣ ನನ್ನಿಂದ ಬಯಸಿದ್ದು ಅದಕ್ಕಿಂತ ದೊಡ್ಡದು, ಅದು ನನ್ನ ಕೈಲಾಗಲಿಲ್ಲ. ಆ ನೋವು ಇದೆ, ಇಲ್ಲವೆನ್ನುವುದಿಲ್ಲ.

ಚೆನ್ನಾಜಮ್ಮನಿಗೆ ಈಗ ಕಣ್ಣು ಮಂಜು, ಮೆಟ್ಟಿಲು ಹತ್ತಲಾಗುವುದಿಲ್ಲ. ಮೋಡ ಕವಿದ ಸಂಜೆ ಜಗಲಿಯಲ್ಲಿ ಕೂತು ಮೇಲಕ್ಕೆ ಮುಖ ಮಾಡಿ ಕೂಗುತ್ತಾರೆ, "ಇಂಚರಾ, ಕಿಟ್ಕಿ ಹಾಕ್ದೇನೇ?"

ಮೇಲಿಂದ ಕಾಲೇಜು ಓದುವ ಹುಡುಗಿಯ ದನಿ ಬರುತ್ತದೆ. "ಹಾಕ್ದೆ ಅಜ್ಜಿ. ನಿಂದೂ ಹಾಕಕ್ಕೆ ಬರ್ತಿದೀನಿ, ಇರು."