ನಡುಗಡ್ಡೆಗೆ ಹೊರಟ ಶೇಖವ್ವನ ಫಾರ್ಮು

ಕಾಗದ ಮುಂದೆ ಬಂದರೆ ಎಲ್ಲಿ ಸಹಿ ಮಾಡಬೇಕೆಂದು ಕೇಳುತ್ತೇವೆ, ಯಾವುದಕ್ಕೆಂದು ಕೇಳುವುದಿಲ್ಲ. ಬ್ಯಾಡಗಿಯ ಶೇಖವ್ವನ ಮನೆಯಲ್ಲೂ ಅದೇ ಆಗುವುದರಲ್ಲಿತ್ತು.

ಶೇಖವ್ವ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸದವಳು. ವರ್ಷಗಟ್ಟಲೆ ಕುಡಿದ ಘಾಟಿನಿಂದ ದಮ್ಮು, ಅಂದರೆ ಉಬ್ಬಸ, ಅಂಟಿಕೊಂಡಿತ್ತು. ಸುಗ್ಗಿಯಲ್ಲಿ ಗೋಡೆಗೆ ಒರಗಿ ಕುಳಿತೇ ನಿದ್ದೆ. ಈ ಸಲ ಅವಳ ಸ್ವಸಹಾಯ ಸಂಘದ ಹೆಂಗಸರು ಮನೆಮಂದಿಯೊಂದಿಗೆ ಮುರ್ಡೇಶ್ವರಕ್ಕೆ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ನಡುಗಡ್ಡೆಗೆ ಒಂದು ದಿನದ ಪ್ರವಾಸ ಗೊತ್ತುಮಾಡಿದ್ದರು. ಕಣ್ಣು, ಮೂಗು ಮುಚ್ಚುವ ಕನ್ನಡಕ ಹಾಕಿ, ಬಾಯಲ್ಲಿ ಕೊಳವೆ ಕಚ್ಚಿ, ತೇಲುತ್ತ ಮೀನು ನೋಡುವ ಸ್ನಾರ್ಕ್ಲಿಂಗ್ ಅಲ್ಲಿರುತ್ತದೆ. ಅವ್ವನೂ ಜೊತೆಗೆ ನೀರಿಗೆ ಇಳಿಯಲೇಬೇಕೆಂದು ಮಗಳು ಪ್ರಿಯಾಂಕಾ ಹಟ ಹಿಡಿದಿದ್ದಳು.

ಪ್ರವಾಸದ ಏಜೆಂಟ ಎಲ್ಲರ ಆರೋಗ್ಯದ ಫಾರ್ಮು ಕಳಿಸಿದ. ದಮ್ಮು ಇದೆಯೇ, ಹೃದಯದ ತೊಂದರೆ ಇದೆಯೇ, ಮೂರ್ಛೆ ಬರುತ್ತದೆಯೇ, ಎಲ್ಲದಕ್ಕೂ ‘ಇಲ್ಲ’ ಎಂದು ಅವನೇ ಬರೆದಿದ್ದ. ಒಬ್ಬ ಹೆಂಗಸಿನ ಮುಖವನ್ನೂ ಆತ ನೋಡಿರಲಿಲ್ಲ. ಸಹಿಯ ಜಾಗ ಮಾತ್ರ ಖಾಲಿ.

ಗಂಡ ದುರ್ಗೇಶ ಪೆನ್ನು ಕೊಡುವಷ್ಟರಲ್ಲಿ ಪಕ್ಕದ ಮನೆಯ ಆಶಾ ಕಾರ್ಯಕರ್ತೆ ಫರ್ಹಾನಾ ಬಂದಳು. ಫಾರ್ಮು ಓದಿ ಅವಳ ಮುಖ ಬಿಗಿಯಾಯಿತು.

“ದುರ್ಗೇಶಣ್ಣ, ಇದನ್ನ ಓದೇ ಸಹಿ ಮಾಡ್ಸಾಕತ್ತೀರೇನು?”

“ದಮ್ಮು ಐತಿ ಅಂತ ಬರದ್ರ ನೀರಿಗೆ ಇಳಿಸಂಗಿಲ್ಲ, ಅಕ್ಕಾರ. ಒಂದ್ ತಾಸಿನ ಮಾತು. ನಾ ಬಾವ್ಯಾಗ ಈಜಿ ಬೆಳದಾಂವ, ಹಿಡ್ಕೋತೇನಿ ಬಿಡ್ರಿ.”

ಫರ್ಹಾನಾ ವಾದಿಸಲಿಲ್ಲ. ಮನೆಯಲ್ಲಿದ್ದ ಹೊಸ ಪೈಪಿನ ಒಂದು ತುಂಡು ತೊಳೆದು ಅವನ ಬಾಯಿಗಿಟ್ಟಳು. ಮೂಗು ಹಿಡಿದು ಬಸ್ಕಿ ಹೊಡೆಯಲು ಹೇಳಿದಳು. ಪ್ರಿಯಾಂಕಾ ನಗುತ್ತ ಎಣಿಸಿದಳು. ಹನ್ನೆರಡಕ್ಕೆ ದುರ್ಗೇಶ ಪೈಪು ಉಗುಳಿ ಕುಕ್ಕರಿಸಿದ.

“ಗಟ್ಟಿ ಎದಿ ನಿಮಗ ಇಷ್ಟಾತು. ಅಲ್ಲಿ ತೆರಿ ಹೊಡಿತೈತಿ, ಕೊಳವ್ಯಾಗ ಉಪ್ಪುನೀರು ಬರತೈತಿ, ಕಾಲಿಗೆ ನೆಲ ಸಿಗಂಗಿಲ್ಲ. ಆವಾಗ ಅಕಿಗೆ ದಮ್ಮು ಎದ್ದರ?”

ಮಗಳ ನಗು ನಿಂತಿತು.

ದುರ್ಗೇಶ ಏಜೆಂಟನಿಗೆ ಫೋನು ಹಚ್ಚಿದ. ಎಲ್ಲರದೂ ಹಾಗೇ ಬರೆಯುತ್ತೇವೆ, ಫೋಟೋ ಚಂದ ಬರಲೆಂದು ಲೈಫ್ ಜಾಕೆಟ್ಟನ್ನೂ ಬಿಚ್ಚಿಸುತ್ತೇವೆ, ಏನೂ ಆಗುವುದಿಲ್ಲ ಎಂದು ಆತ ನಕ್ಕ. ಶೇಖವ್ವ ಫೋನು ಕಸಿದುಕೊಂಡಳು.

“ಕುಂತು ಉಸಿರು ಎಳಿಯಾಕಿ ನಾನು. ‘ಇಲ್ಲ’ ಅಂತ ಬರಿಯಾಕ ನೀ ಯಾರಪಾ? ನಾ ಸತ್ತರ ಸಹಿ ನಂದು, ತಪ್ಪು ನಂದು, ಹೌದಿಲ್ಲೋ?”

ಫೋನು ಇಟ್ಟು, ಸಹಿಯಿಲ್ಲದ ಫಾರ್ಮನ್ನು ಒಯ್ದು ಸಂಘದ ಹೆಂಗಸರ ಮುಂದಿಟ್ಟಳು.

ಸಂಘ ಆ ಏಜೆಂಟನನ್ನು ಬಿಟ್ಟಿತು. ಒಬ್ಬೊಬ್ಬರನ್ನೂ ಕೇಳಿ ಫಾರ್ಮು ಬರೆಸುವ ದೋಣಿಯವರನ್ನು ಹುಡುಕಿತು. ಹಾವೇರಿಯ ಡಾಕ್ಟರು ಶೇಖವ್ವನನ್ನು ಪರೀಕ್ಷಿಸಿ, ದೋಣಿಯಲ್ಲಿ ಕುಳಿತೇ ನೋಡಲಿ, ಉಸಿರಿನ ಪಂಪು ಕೈಯಲ್ಲಿರಲಿ, ನೀರಿಗಿಳಿಯುವುದು ಬೇಡ ಎಂದರು.

ನೇತ್ರಾಣಿಯಲ್ಲಿ ಬಾವಿಯ ಈಜುಗಾರ ದುರ್ಗೇಶನೂ ಸದ್ದಿಲ್ಲದೆ ಜಾಕೆಟ್ಟಿನ ಪಟ್ಟಿ ಬಿಗಿಸಿಕೊಂಡ. ಗೈಡನ ಪಕ್ಕ ತೇಲುತ್ತಿದ್ದ ಪ್ರಿಯಾಂಕಾ ತಲೆ ಎತ್ತಿದಾಗಲೆಲ್ಲ ದೋಣಿಯಲ್ಲಿದ್ದ ಅವ್ವನಿಗೆ ಮೀನಿನ ಬಣ್ಣ ಹೇಳಿದಳು. ಒಂದಂತೂ ಬ್ಯಾಡಗಿ ಮೆಣಸಿನಕಾಯಿಯಷ್ಟು ಕೆಂಪಂತೆ.

“ಅದರ ತೊಟ್ಟು ಬಿಡಸಾಕ ನಾ ಬರಂಗಿಲ್ಲವಾ” ಎಂದು ಶೇಖವ್ವ ನಕ್ಕಳು. ಉಸಿರು ಸರಾಗವಾಗಿತ್ತು.

ಅಕ್ಕಂದಿರೇ, ಅಣ್ಣಂದಿರೇ, ಸಮುದ್ರಕ್ಕೆ ಹೊರಡುವ ಮುಂಚೆ ಫಾರ್ಮು ನೀವೇ ಓದಿ, ಓದಲು ಬರದಿದ್ದರೆ ಓದಿಸಿ ಕೇಳಿ. ಕಾಯಿಲೆ ಇದ್ದರೆ ಇದೆ ಎಂದೇ ಬರೆಸಿ, ಮೊದಲು ಡಾಕ್ಟರನ್ನು ಕೇಳಿ. ಈಜು ಬಂದರೂ ಜಾಕೆಟ್ಟು ಬಿಚ್ಚಬೇಡಿ, ಗೈಡನನ್ನು ಬಿಟ್ಟು ದೂರ ಹೋಗಬೇಡಿ. ಜಾಕೆಟ್ಟು ಬಿಚ್ಚಿ ಎನ್ನುವವನ ದೋಣಿಯನ್ನು ಹತ್ತಲೇಬೇಡಿ. ನಿಮ್ಮ ಉಸಿರಿನ ಲೆಕ್ಕ ನಿಮಗೆ ಮಾತ್ರ ಗೊತ್ತು. ಅದನ್ನು ಇನ್ನೊಬ್ಬನ ಪೆನ್ನಿಗೆ ಬಿಡಬೇಡಿ.